ಇಪ್ಪತ್ಮೂರು ಸಲ

ಬಣ್ಣ ಹೊಸದು, ಬೆಸುಗೆ ಹಳೆಯದು. ಮಣ್ಣು ಅಗೆಯುವ ಎಕ್ಸ್‌ಕವೇಟರಿನ ಬಕೆಟ್ಟಿನ ಎಡಬದಿಯಲ್ಲಿದ್ದ ಗೇಣುದ್ದದ ಆ ಸೊಟ್ಟ ಬೆಸುಗೆಯ ಮೇಲೆ ಅಪಲ್‌ಸಾಮಿ ಹೆಬ್ಬೆರಳು ಆಡಿಸಿದ. ಅದು ತಾನೇ ಹಾಕಿದ್ದು. ಅವತ್ತು ಜ್ವರ ಬಂದು ಕೈ ನಡುಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಆಪರೇಟರ್ ವೈಸಾಕೆ, "ಏಡಿ ನಡೆದ ಹಂಗಿದೆ ಸಾಮಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಎಲ್ಲಿಂದ ಬಂತು ಇದು?"

"ಲಂಬಾಸದಿಂದ, ನಿನ್ನೆ ಹಡಗಲ್ಲಿ" ಎಂದ ಅಂಗಳದ ಮಾಲೀಕ ದೇವರಾಜ್. "ಬೆಳಗ್ಗೆಯಿಂದ ಹಳದಿ ದೀಪ ಉರೀತಿದೆ, ಎಂಜಿನ್ ಜಗ್ತಾ ಇಲ್ಲ. ಮೂರು ಗಂಟೆಗೆ ಗಿರಾಕಿ ಬರ್ತಾನೆ. ಅಷ್ಟರಲ್ಲಿ ಸರಿ ಮಾಡಿ ಕಂಪ್ಯೂಟರಲ್ಲಿರೋ ದೋಷದ ಕೋಡೆಲ್ಲ ಒರೆಸಿ ಕೊಡು. ಹೊಸ ಮದುವಣಗಿತ್ತಿ ಹಂಗಿರ್ಬೇಕು."

ಬಾ ಎಂಬ ದ್ವೀಪಪಟ್ಟಣದ ಈ ಅಂಗಳಕ್ಕೆ ಬರುವ ಹಳೆಯ ಎಕ್ಸ್‌ಕವೇಟರುಗಳಲ್ಲಿ ಅಪಲ್‌ಸಾಮಿಯ ಕೈಗೆ ಸಿಗದೆ ಹೋದವು ಕಡಿಮೆ. ಆದರೆ ಇದೊಂದು ಮತ್ತೆ ಎದುರಾಗುತ್ತದೆಂದು ಅವನು ಎಣಿಸಿರಲಿಲ್ಲ. ಎರಡು ವರ್ಷದ ಹಿಂದೆ, ಜಲ್ಲಿ ತೆಗೆಯುವ ಹೊಳೆಯಿಂದ ಇದನ್ನು ಎಳೆದು ತೆಗೆದ ದಿನ, ಅವನು ಸೊಂಟನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಮಲಗಿದ್ದ. ವೈಸಾಕೆ ಅದರೊಳಗೇ ಇದ್ದ.

ಅಪಲ್‌ಸಾಮಿ ಕ್ಯಾಬಿನ್ ಹತ್ತಿದ. ಸೀಟು ಹೊಸದು, ಗಾಜು ಹೊಸದು. ಫ್ಯಾನ್ ಹಾಕಿದೊಡನೆ ಮಾತ್ರ ಎಲ್ಲೋ ಆಳದಿಂದ ಹೊಳೆಯ ಕೆಸರಿನ ವಾಸನೆ ಮುಖಕ್ಕೆ ಬಡಿಯಿತು. ಅವನು ಅದನ್ನು ಆರಿಸಿ, ಕೋಡ್ ಓದುವ ಡಬ್ಬಿಯ ತಂತಿಯನ್ನು ಸೀಟಿನ ಹಿಂದೆ ಸಿಕ್ಕಿಸಿದ.

ಇವತ್ತಿನ ಕೋಡು ಡೀಸೆಲ್ ಒತ್ತಡದ ಸೆನ್ಸರಿನದು. ಅದಕ್ಕೆ ಹೋಗುವ ತಂತಿ ಎಂಜಿನ್ನಿಗೆ ಉಜ್ಜಿ ಸವೆದರೆ ಸೆನ್ಸರು ಸುಳ್ಳು ಹೇಳಲು ಶುರು ಮಾಡುತ್ತದೆ. ಆ ಸುಳ್ಳಿಗೆ ಹೆದರಿ ಎಂಜಿನ್ನಿನ ಕಂಪ್ಯೂಟರು ಅರ್ಧ ಬಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಪ್ಪತ್ತು ಟನ್ನಿನ ಯಂತ್ರ ಆಮೆಯ ಹಾಗೆ ತೆವಳುತ್ತದೆ. ಕೀ ಆರಿಸಿ ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ, ಆಮೇಲೆ ಮತ್ತೆ ಅದೇ ಕತೆ. ಪ್ರತಿ ಸಲವೂ ಕಂಪ್ಯೂಟರು ಆ ಗಂಟೆಯ ಲೆಕ್ಕಕ್ಕೆ ಒಂದು ಸೇರಿಸಿಡುತ್ತದೆ.

ಹಳೆಯ ಕೋಡುಗಳ ಪಟ್ಟಿಯನ್ನು ಅವನು ಕೆಳಗೆ ಸರಿಸಿದ. ಸರಿಸಬೇಕಾದ ಅಗತ್ಯವಿರಲಿಲ್ಲ.

ಎಂಜಿನ್ ಓಡಿದ ಲೆಕ್ಕದಲ್ಲಿ ಎಂಟು ಸಾವಿರದ ನಾನೂರ ಹನ್ನೆರಡನೆಯ ಗಂಟೆ. ಅದೇ ಸೆನ್ಸರ್. ಎಷ್ಟು ಸಲ: ಇಪ್ಪತ್ಮೂರು.

ಆ ಗಂಟೆ ಅವನಿಗೆ ಬಾಯಿಪಾಠವಾಗಿತ್ತು. ಹೊಳೆಯಲ್ಲಿ ಮೀಟರು ನಿಂತದ್ದು ಅಲ್ಲೇ. ಪೊಲೀಸರ ಕಾಗದದಲ್ಲಿ ಆ ಅಂಕಿಯ ಕೆಳಗೆ 'ಯಂತ್ರದಲ್ಲಿ ದೋಷವಿರಲಿಲ್ಲ' ಎಂದಿತ್ತು, ಅದರ ಕೆಳಗೆ ಮೆಕ್ಯಾನಿಕ್ ಎಂದು ಅವನದೇ ಸಹಿ.

ಆ ಬೆಳಿಗ್ಗೆ ವೈಸಾಕೆ ಫೋನ್ ಮಾಡಿದ್ದ. "ಸಾಮಿ, ಮತ್ತೆ ಹಳದಿ ದೀಪ. ಗುಡ್ಡದ ಕಡೆ ಮೋಡ ಕಪ್ಪಾಗಿದೆ." ಅಪಲ್‌ಸಾಮಿಯ ಬಾಯಲ್ಲಿ ರೊಟ್ಟಿ ಇತ್ತು. "ಅಯ್ಯೋ ಮಾರಾಯ, ಬರೀ ಸೆನ್ಸರ್ ಅದು! ಕೀ ಆರ್ಸು, ಹತ್ತು ಎಣ್ಸು, ಮತ್ತೆ ಹಾಕು. ಸಣ್ಣ ಮಗು ಹಂಗೆ ಮಷೀನ್ ಬಿಟ್ಟು ಓಡಿ ಬರ್ಬೇಡ" ಎಂದು ಬೈದು ಫೋನ್ ಇಟ್ಟಿದ್ದ.

ಗುಡ್ಡದ ನೀರು ಒಮ್ಮೆಲೇ ನುಗ್ಗಿ ಯಂತ್ರವನ್ನು ಮುಳುಗಿಸಿದಾಗ ವೈಸಾಕೆ ಓಡಿರಲಿಲ್ಲ. ಊರೆಲ್ಲ ಹೇಳಿದ್ದು ಒಂದೇ ಮಾತು: ಬೇರು ಕುಟ್ಟಿ ಕಲಸಿದ, ಮಂಪರು ತರಿಸುವ ಯಂಗೋನವನ್ನು ರಾತ್ರಿಯಿಡೀ ಕುಡಿದ, ಸೀಟಿನಲ್ಲೇ ನಿದ್ದೆ ಹೋದ. ಪಾದ್ರಿಗಳು ಕುಡಿತದ ಕೇಡಿನ ಬಗ್ಗೆ ಹೇಳುವಾಗ ಅವನ ಹೆಸರೆತ್ತಿ ಹೇಳಿದರು. ಅಪಲ್‌ಸಾಮಿ ಬಾಯಿ ಬಿಡಲಿಲ್ಲ.

ನಿದ್ದೆ ಹೋದವನು ಇಪ್ಪತ್ಮೂರು ಸಲ ಕೀ ತಿರುಗಿಸುವುದಿಲ್ಲ.

"ಆಯ್ತಾ?" ದೇವರಾಜ್ ಕೆಳಗಿನಿಂದ ಕೂಗಿದ.

"ಒರೆಸಲ್ಲ."

"ಏನು?"

"ವೈಸಾಕೆ ಇದ್ದಾನೆ ಇದರಲ್ಲಿ."

"ಹಗಲಲ್ಲೇ ಕುಡಿದ್ಯೇನೋ? ನೀನು ಒರೆಸ್ದಿದ್ರೆ ಲೌಟೋಕದಿಂದ ಇನ್ನೊಬ್ಬ ಬಂದು ಒರೆಸ್ತಾನೆ."

"ಒರೆಸ್ಲಿ. ನನ್ ಕೈಯಲ್ಲಿ ಆಗಲ್ಲ." ಅವನು ಫೋನಿನಲ್ಲಿ ಆ ಪರದೆಯ ಚಿತ್ರ ತೆಗೆದುಕೊಂಡ.

ಮಾರುಕಟ್ಟೆಯಲ್ಲಿ ಒಂದು ಕಟ್ಟು ಯಂಗೋನ ಬೇರು ಕೊಂಡು, ಹೊಳೆಯ ಮೇಲ್ಗಡೆಯ ಊರಿನ ಬಸ್ಸು ಹತ್ತಿದ. ತಪ್ಪು ಮಾಡಿದವನು ಕ್ಷಮೆ ಕೇಳಲು ಈ ಬೇರಿಲ್ಲದೆ ಬರಿಗೈಯಲ್ಲಿ ಹೋಗಬಾರದೆಂಬುದು ಇಲ್ಲಿ ಹುಟ್ಟಿದ ಅವನಿಗೆ ಗೊತ್ತಿತ್ತು. ಎದುರಿನವರು ಕಟ್ಟನ್ನು ಎಳೆದುಕೊಂಡರೆ ಕ್ಷಮಿಸಿದ ಹಾಗೆ. ಆ ಮನೆಗೆ ಇದನ್ನೇ ಒಯ್ಯಬಾರದೆಂಬುದು ಮಾತ್ರ ಹೊಳೆದಿರಲಿಲ್ಲ.

ವೈಸಾಕೆಯ ಹೆಂಡತಿ ಲಿತಿಯಾ ಬಾಗಿಲಲ್ಲಿ ಮರಗೆಣಸು ಸುಲಿಯುತ್ತಿದ್ದಳು. ಕಟ್ಟು ನೋಡಿ ಚಾಕು ನಿಲ್ಲಿಸಿದಳು.

"ಅದು ಈ ಮನೆ ಒಳಗೆ ಬರಲ್ಲ, ಸಾಮಿ."

ಒಳಗೆ ವೈಸಾಕೆಯ ಅಪ್ಪನ ಕಾಲದ ಯಂಗೋನದ ಮರದ ಬೋಗುಣಿ ಗೋಡೆಗೆ ಒತ್ತಿಕೊಂಡು ಕವುಚಿ ಬಿದ್ದಿತ್ತು. ಅದರ ಮೇಲೆ ಸೀಮೆಎಣ್ಣೆ ಸ್ಟೌ.

ಅವನು ವಾಪಸು ಹೋಗಲಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗಿನ ಚಾಪೆಯ ಮೇಲೆ ಕಾಲು ಮಡಚಿ ಕೂತು, ಕಟ್ಟನ್ನು ಇಬ್ಬರ ನಡುವೆ ಇಟ್ಟು ತಲೆ ತಗ್ಗಿಸಿದ. ಅಲಂಕಾರದ ಮಾತು ಅವನಿಗೆ ಬರುತ್ತಿರಲಿಲ್ಲ. ಸೆನ್ಸರ್ ಕೆಟ್ಟಿದ್ದು ಹೇಳಿದ, ಫೋನಿನ ಮಾತು ಹೇಳಿದ, ಸಹಿ ಹಾಕಿದ್ದು ಹೇಳಿದ. ಚಿತ್ರ ತೋರಿಸಿದ.

"ಅವ್ನು ಮಲಗಿರ್ಲಿಲ್ಲ, ತಾಯಿ. ನಾನು ಹೇಳ್ದಂಗೆ ಮಾಡ್ತಾ ಇದ್ದ."

ಲಿತಿಯಾ ಆ ಅಂಕಿಯನ್ನೇ ನೋಡಿದಳು. ಮೊದಲು ಬೈಯುತ್ತಾಳೆಂದು ಅವನು ಕಾದ. ಬೈದರೆ ಒಳ್ಳೆಯದಿತ್ತು.

"ಆ ರಾತ್ರಿ ಎರಡೇ ಚಿಪ್ಪು ಯಂಗೋನ ಕುಡಿದು ಬಂದಿದ್ದ" ಎಂದಳು. "ನನ್ ಪಕ್ಕದಲ್ಲೇ ಮಲಗಿದ್ದ. ನಂಗೆ ಗೊತ್ತಿತ್ತು. ಆದ್ರೂ ಎಲ್ಲಾರೂ ಹೇಳಿದ್ರು ಅಂತ ನಾನೂ ನಂಬಿದೆ, ಸಾಮಿ. ಎರಡು ವರ್ಷ ಗೋರಿ ಹತ್ರ ಹೋಗ್ಲಿಲ್ಲ. ಅಲ್ಲಿ ಹುಲ್ಲು ಎಷ್ಟು ಬೆಳೆದಿದೆಯೋ."

ಕೆಳಗೆ ಹೊಳೆ ಮಂಡಿಯುದ್ದಕ್ಕೆ ಇಳಿದು ಕಲ್ಲುಗಳ ಮೇಲೆ ಹರಿಯುತ್ತಿತ್ತು.

"ಪ್ರತಿ ಸಲವೂ ಹತ್ತು ಎಣಿಸಿದ್ನಾ?"

"ಅವ್ನು ಹೇಳಿದ್ದು ತಪ್ಪಿಸೋನಲ್ಲ."

ಅವಳು ಚಾಕು ಬದಿಗಿಟ್ಟಳು. ಕಣ್ಣು ಹೊಳೆಯ ಮೇಲಿತ್ತು. "ದುವಾ, ರುವಾ, ತೋಲು..." ಎಂದು ತನ್ನ ಭಾಷೆಯಲ್ಲಿ ತುಟಿಯಲ್ಲೇ ಎಣಿಸಲು ಶುರು ಮಾಡಿದಳು. ಹತ್ತಕ್ಕೆ ಬಂದು ನಿಂತಳು. ಬಲಗೈಯ ಎರಡು ಬೆರಳು ಗಾಳಿಯಲ್ಲಿ ಏನನ್ನೋ ಹಿಡಿದು ಒಂದಿಷ್ಟು ತಿರುಗಿದವು. ಮತ್ತೆ ಒಂದರಿಂದ ಎಣಿಸತೊಡಗಿದಳು.

ಅಪಲ್‌ಸಾಮಿ ತಲೆ ಎತ್ತಲಿಲ್ಲ. ಏಳನೆಯ ಸಲಕ್ಕೆ ಅವನ ತುಟಿಯೂ ಅವಳ ಜೊತೆ ಅಲುಗುತ್ತಿತ್ತು. ಅವಳ ಎಡಗೈ ಯಾವಾಗಲೋ ಬೇರಿನ ಕಟ್ಟಿನ ಮೇಲೆ ಬಂದು ಕೂತಿತ್ತು. ಅದು ಕಟ್ಟನ್ನು ಎಳೆದುಕೊಳ್ಳಲಿಲ್ಲ, ದೂಡಲೂ ಇಲ್ಲ.