ಹನ್ನೊಂದನೆಯ ಪೋರ್ಟ್

ಹೊನ್ನಾವರದ ಆ ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ಸೌಜನ್ಯಾ ಒಬ್ಬಳೇ. ತೆಂಗಿನಗುಂಡಿಯ ಮೀನುಗಾರರ ಮನೆಯವಳು. ಬೆಳಗಿನ ಬಸ್ಸು ಹಿಡಿದು ಒಂಬತ್ತಕ್ಕೆ ಬಂದು ಕೂರುತ್ತಿದ್ದಳು.

ಆ ತಿಂಗಳು ಅವಳ ಕಿವಿಗೆ ಬಿದ್ದದ್ದು ಒಂದೇ ದೂರು. ಬೆಳಿಗ್ಗೆ ಹತ್ತಾದರೆ ಸಾಕು, ಸ್ಕ್ಯಾನ್ ಚಿತ್ರಗಳು ತೆರೆದುಕೊಳ್ಳಲು ಹಟ ಮಾಡುತ್ತಿದ್ದವು. ಮಧ್ಯಾಹ್ನ ತಾವಾಗಿಯೇ ಸರಿಹೋಗುತ್ತಿದ್ದವು.

"ಬೋಟಿನಲ್ಲಿ ಜಾರಿ ಬಿದ್ದವನ ತಲೆ ಸ್ಕ್ಯಾನು. ಐದು ನಿಮಿಷದಿಂದ ಕಾಯ್ತಾ ಇದ್ದೇನೆ," ಎಂದರು ಡಾಕ್ಟರ್ ನಿತ್ಯಾನಂದ, ದನಿಯೇರಿಸದೆ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಚಿತ್ರಗಳನ್ನೆಲ್ಲ ಇಟ್ಟುಕೊಳ್ಳುವ ಸ್ಟೋರೇಜ್ ಪೆಟ್ಟಿಗೆ ನೆಲಮಹಡಿಯ ಕೋಣೆಯಲ್ಲಿತ್ತು. ಮಾರಿದವರಿಗೆ ಫೋನು ಮಾಡಿದರೆ, ಹತ್ತು ಗಂಟೆಗೆ ರಶ್ಶು ಜಾಸ್ತಿ, ಪೆಟ್ಟಿಗೆ ಸಾಲದು, ದೊಡ್ಡದು ಹಾಕಿಸಿ ಎಂದರು. ಆ ಮಾತು ಸೌಜನ್ಯಾಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಪೆಟ್ಟಿಗೆಗೂ ಸರ್ವರುಗಳಿಗೂ ನಡುವೆ ಇಪ್ಪತ್ತನಾಲ್ಕು ಪೋರ್ಟುಗಳ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗಳ, ನೆಟ್‌ವರ್ಕ್ ಸ್ವಿಚ್ ಇದೆ. ಎಲ್ಲಿ ಎಷ್ಟು ಹರಿಯುತ್ತಿದೆ ಎಂದು ಅದನ್ನೇ ಕೇಳಿದರಾಯಿತಲ್ಲ. ಐದೈದು ನಿಮಿಷಕ್ಕೊಮ್ಮೆ ಪ್ರತಿ ಪೋರ್ಟಿನ ಅಂಕಿಯನ್ನು ಬರೆದಿಡುವ ಸಣ್ಣ ಪ್ರೋಗ್ರಾಂ ಮಾಡಿ, ವಾರವಿಡೀ ಗ್ರಾಫ್ ನೋಡಿದಳು.

ರಶ್ಶು ಇರಲೇ ಇಲ್ಲ. ಹತ್ತು ಗಂಟೆಗೂ ದಾರಿ ಕಾಲುಭಾಗವೂ ತುಂಬುತ್ತಿರಲಿಲ್ಲ. ಆದರೆ ಪೆಟ್ಟಿಗೆಗೆ ಹೋಗುವ ಹನ್ನೊಂದನೆಯ ಪೋರ್ಟಿನಲ್ಲಿ ಹತ್ತಾಗುತ್ತಲೇ ಕೆಟ್ಟು ಬಂದ ಮಾಹಿತಿ ತುಣುಕುಗಳ ಸಂಖ್ಯೆ ಸರಸರ ಏರುತ್ತಿತ್ತು. ಕೆಟ್ಟದ್ದನ್ನು ಮತ್ತೆ ತರಿಸಬೇಕು, ತಡವಾಗುತ್ತಿದ್ದದ್ದು ಅಲ್ಲೇ. ಗುರುವಾರ ಒಂದು ದಿನ ಮಾತ್ರ ಸೊನ್ನೆ.

ಆ ಕೋಣೆಗೆ ದಿನಾ ಹೋಗುವವರಲ್ಲಿ ಗುರುವಾರ ರಜೆ ಹಾಕಿದ್ದವನು ಎಲೆಕ್ಟ್ರಿಷಿಯನ್ ಪಾಂಡು. ಕುಮಟೆಯಲ್ಲಿ ತಂಗಿಯ ಮನೆಗೆ ಹೋಗಿದ್ದ.

ಸೋಮವಾರ ಹತ್ತಕ್ಕೆ ಅವಳು ಲ್ಯಾಪ್‌ಟಾಪ್ ಹಿಡಿದು ಆ ಕೋಣೆಯಲ್ಲಿ ನಿಂತಳು. ಪಾಂಡು ಬಂದ, ಯುಪಿಎಸ್ ಬ್ಯಾಟರಿಗಳನ್ನು ನೋಡಿದ, ಭಾರದ ಹತ್ಯಾರಿನ ಚೀಲವನ್ನು ರ‍್ಯಾಕಿನ ಹಿಂದಿನ ಕೇಬಲ್ ಕಟ್ಟಿಗೆ ನೇತುಹಾಕಿ ಮೇಲೆ ಹೊರಟ. ಕಟ್ಟಿನೊಳಗೆ ಹನ್ನೊಂದನೆಯ ಪೋರ್ಟಿನ ತೆಳ್ಳನೆಯ ಫೈಬರ್ ಕೇಬಲ್ಲು ಗಾಳದ ಹಾಗೆ ಬಾಗಿತ್ತು.

"ಪಾಂಡಣ್ಣ, ಆ ಚೀಲ ಒಂಚೂರು ತೆಗೀರಿ."

"ಎಂತ ಆತು?"

ತೆಗೆದ. ಲ್ಯಾಪ್‌ಟಾಪಿನಲ್ಲಿ ಏರುತ್ತಿದ್ದ ಅಂಕಿ ನಿಂತಲ್ಲೇ ನಿಂತಿತು. ಐದು ನಿಮಿಷ ಕಾದರೂ ಏರಲಿಲ್ಲ. ಅವಳು ಎಲ್ಲ ವಿವರಿಸಿದಾಗ ಪಾಂಡುವಿನ ಮುಖ ಸಣ್ಣಗಾಯಿತು.

"ಗೋಡೆ ಮೊಳೆ ಕಿತ್ತು ಹೋಗಿತ್ತು ತಂಗಿ, ಅದ್ಕೇ ಇಲ್ಲಿ ಹಾಕಿ ಮಧ್ಯಾಹ್ನ ಬಂದು ತಗಂಡು ಹೋಗ್ತಿದ್ದೆ. ಡಾಕ್ಟ್ರಿಗೆ ಹೇಳ್ತ್ಯ?"

"ಇಲ್ಲಿ ಹಾಕ್ಬಾರ್ದು ಅಂತ ನಾನೂ ನಿಮಗೆ ಹೇಳಿರ್ಲಿಲ್ಲ. ತಪ್ಪು ಇಬ್ಬರದೂ ಆತು, ಬಿಡಿ."

ಪಾಂಡು ಆಗಲೇ ಎದುರು ಗೋಡೆಗೆ ಗಟ್ಟಿ ಮೊಳೆಯೊಂದನ್ನು ಹೊಡೆದ. ಅವಳು ಕೇಬಲ್ ಬದಲಿಸಿದಳು.

ಮರುದಿನ ಹತ್ತೂವರೆಗೆ ನಿತ್ಯಾನಂದರು ಅವಳನ್ನು ಕರೆಸಿದರು. "ನಾನು ಒತ್ತುವುದೇ ತಡ, ಚಿತ್ರ ಬಂತು. ಎಂತ ಮಾಡಿದೆ?"

"ಪಾಂಡಣ್ಣ ಒಂದು ಮೊಳೆ ಹೊಡೆದ್ರು, ಸರ್."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ನಕ್ಕು, ಮುಂದಿನ ರೋಗಿಯನ್ನು ಒಳಗೆ ಕರೆದರು. ಸೌಜನ್ಯಾ ಹಗುರಾಗಿ ಮೆಟ್ಟಿಲಿಳಿದಳು.