ಹಾಳೆಯ ಹಿಂಬದಿ

ಅತ್ತೆ ಕಿರುಚಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಮದುವೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ನಾನು ಕಿರುಚಿದ್ದುಂಟು, ಅವರು ಒಮ್ಮೆಯೂ ಇಲ್ಲ.

ನಮ್ಮಿಬ್ಬರದು ಗ್ರೀಟಿಂಗ್ ಕಾರ್ಡಿನ ಕೆಲಸ. ಡಿಸೈನ್ ಕಾಗದವನ್ನು ಕತ್ತರಿಸಿ, ಮೈದಾ ಅಂಟು ಬಳಿದು ಕಾರ್ಡಿನ ಮೇಲೆ ಕೂರಿಸುವುದು ನಾನು. ಎರಡು ತುಂಡು ಸೇರುವಲ್ಲಿ ಬಳ್ಳಿಗೆ ಬಳ್ಳಿ, ಹೂವಿಗೆ ಹೂವು ಕೂಡುವಂತೆ ಹೊಂದಿಸುವುದು ಅತ್ತೆ. ಅವರಿಗೆ ಓದು ಬರಹ ಬಾರದು. ಆದರೆ ಡಿಸೈನಿನಲ್ಲಿ ಒಂದು ಎಲೆ ತಪ್ಪಿದರೂ ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಾರೆ. ಒಳಗಡೆ ಶುಭಾಶಯ ಬರೆಯುವುದು ಮತ್ತೆ ನಾನೇ. ನನಗೆ ಕೈ ಚುರುಕು, ತಾಳ್ಮೆ ಕಡಿಮೆ. ಮನೆಯಲ್ಲಿ ನನ್ನನ್ನು ಕರೆಯುವುದೇ ಕತ್ತರಿ ಎಂದು. ಅದು ಕೆಲಸಕ್ಕೋ ನಾಲಿಗೆಗೋ ಎಂದು ನಾನು ಕೇಳಲು ಹೋಗಿಲ್ಲ.

ಆ ವಾರ ಅತ್ತೆಯ ಕೋಣೆಗೆ ಬಣ್ಣ ಹೊಡೆಸುತ್ತಿದ್ದೆವು. ಅದರ ವಾಸನೆ ತಡೆಯಲಾರದೆ ಅವರು ಎರಡು ದಿನ ತಂಗಿಯ ಮನೆಗೆ ಹೋಗಿದ್ದರು. ಅವರ ಸಾಮಾನೆಲ್ಲ ಕೆಲಸದ ಕೋಣೆಗೆ ಬಂದು ಬಿದ್ದಿತ್ತು. ಅಂಗಡಿಯವನು ಮೂವತ್ತು ಕಾರ್ಡು ಬೇಕೇ ಬೇಕೆಂದು ಫೋನಿನಲ್ಲಿ ತಲೆ ತಿನ್ನುತ್ತಿದ್ದ, ಇತ್ತ ಕಾಗದ ಮುಗಿದಿತ್ತು. ಆಗ ಮೂಲೆಯಲ್ಲಿ ಒಂದು ಸುರುಳಿ ಕಂಡಿತು. ಬಿಚ್ಚಿದರೆ ಎಂಟು ಹಾಳೆ, ಒಂದೊಂದೂ ಬೇರೆ ಡಿಸೈನು. ನೀಲಿ ಎಲೆ, ಹಳದಿ ಸುತ್ತು, ಕೆಂಪು ಹಕ್ಕಿ, ಕಣ್ಣಿಗೆ ಹಬ್ಬ. ಹಿಂಬದಿ ನೋಡದೆ ಕತ್ತರಿ ಹಾಕುವವಳಲ್ಲ ನಾನು. ನೋಡಿದೆ. ಬಾಲ್‌ಪೆನ್ನಿನ ಗೀಚು, ಯಾವುದೋ ಮಗು ಸಾಲುಸಾಲಾಗಿ ಗೀಚಿದ ಹಾಗೆ. ಅಂಟು ಬಳಿದ ಮೇಲೆ ಅದು ಯಾರಿಗೆ ಕಾಣುತ್ತದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮೂವತ್ತು ಕಾರ್ಡು ಅಂಗಡಿಗೆ ಕೊಟ್ಟು ಬಂದೆ. ಹೆಚ್ಚಿಗೆ ಆದ ಎರಡು ಮೇಜಿನ ಮೇಲೆ ಉಳಿದಿದ್ದವು, ಎರಡೂ ನೀಲಿ ಎಲೆಯವು. ಮಧ್ಯಾಹ್ನ ತಂಗಿಯ ಮನೆಯಿಂದ ಬಂದ ಅತ್ತೆ ಅವನ್ನು ನೋಡಿಯೇ ಕಿರುಚಿದ್ದು.

“ಇವು ಅವರ ಕಾಗದ ಕಣೇ! ಮಿಕ್ಕಿದ್ದೆಲ್ಲ ಎಲ್ಲೇ?”

ಮಾವ ತೀರಿಕೊಂಡು ಒಂಬತ್ತು ವರ್ಷ. ಬೇರೆ ಊರಿನಲ್ಲಿ, ಗೋಡೆಗೆ ಅಂಟಿಸುವ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಊರಿಗೆ ಬಂದಾಗೆಲ್ಲ ಕಾರ್ಖಾನೆಯಲ್ಲಿ ಪಕ್ಕಕ್ಕೆಸೆದ ಹಾಳೆಯ ಹಿಂದೆ ಹೆಂಡತಿಗೆ ಕಾಗದ ಬರೆದು ತರುತ್ತಿದ್ದರಂತೆ. ಬಾಗಿಲು ಹಾಕಿ, ಎದುರಿಗೆ ಕೂರಿಸಿಕೊಂಡು, ತಾವೇ ಓದಿ ಹೇಳುತ್ತಿದ್ದರಂತೆ. ಅತ್ತೆ ಅವನ್ನು ಮಗನಿಗೂ ಮುಟ್ಟಲು ಕೊಟ್ಟವರಲ್ಲ.

ಅಂಗಡಿಗೆ ಫೋನು ಮಾಡಿದೆ. ಯಾವುದೋ ಆಫೀಸಿನವರು ಮೂವತ್ತನ್ನೂ ಒಟ್ಟಿಗೆ ಕೊಂಡು, ಊರೂರಿಗೆ ಅಂಚೆಗೆ ಹಾಕಿಯೂ ಆಗಿತ್ತು.

“ಇವನ್ನಾದ್ರೂ ಬಿಡಿಸು,” ಎಂದರು ಅತ್ತೆ. “ಬಿಡಿಸಿ ಓದು. ಒಂದೇ ಒಂದ್ಸಲ.”

ಒದ್ದೆ ಬಟ್ಟೆ ಒತ್ತಿ ಒತ್ತಿ ಎರಡನ್ನೂ ಎಬ್ಬಿಸಿದೆ. ನಿನ್ನೆ ಅವಸರದಲ್ಲಿ ಸರಿಯಾಗಿ ನೋಡಿರಲಿಕ್ಕಿಲ್ಲ, ಅಕ್ಷರವೇ ಇರಬೇಕು ಎಂದು ದೇವರಿಗೆ ಮೊರೆ ಇಡುತ್ತಾ ಎಬ್ಬಿಸಿದೆ. ತಿರುಗಿಸಿದರೆ ಅದೇ ಗೀಚು. ಕೊಂಕು, ಸುತ್ತು, ಅಡ್ಡಗೆರೆ. ಸಾಲು ನೇರವಾಗಿತ್ತು, ನಡುನಡುವೆ ಜಾಗವೂ ಬಿಟ್ಟಿತ್ತು. ಇಡೀ ತುಂಡಿನಲ್ಲಿ ಒಂದೇ ಒಂದು ಅಕ್ಷರವಿರಲಿಲ್ಲ. ಮಾವನಿಗೆ ಬರೆಯಲು ಬರುತ್ತಿರಲಿಲ್ಲ!

“ಓದೇ.”

“ಈ ವಾರ ಮೆಷಿನ್ ಕೆಟ್ಟಿತ್ತು. ನಿನ್ನ ನೆನಪು ಬಹಳ ಆಯ್ತು...” ಬಾಯಿಗೆ ಬಂದದ್ದನ್ನು ಹೇಳತೊಡಗಿದೆ.

“ಅಲ್ಲ ಅಲ್ಲ. ನೀಲಿ ಎಲೇದು ಅವರ ಕೈ ಸುಟ್ಟ ವಾರದ್ದು. ನಿನಗೇನು ಓದೋದು ಮರ್ತು ಹೋಯ್ತಾ?”

“ಒದ್ದೆಯಾಗಿ ಮಸುಕಾಗಿದೆ ಅತ್ತೆ. ಕಾಣ್ತಿಲ್ಲ.”

ಅವರು ಪೆನ್ನು, ಹಾಳೆ ನನ್ನ ಮುಂದೆ ತಳ್ಳಿದರು. “ಹಾಗಾದ್ರೆ ನಾನು ಹೇಳ್ತೀನಿ, ಬರ್ಕೋ. ನನಗೆ ಬಾಯಿಗೇ ಬರುತ್ತೆ.”

ನಾನು ಬರೆದೆ. “ಕೈ ಸುಟ್ಟಿದೆ, ಗಾಬರಿ ಆಗ್ಬೇಡ. ಎಡಗೈ. ಡಾಕ್ಟರು ಮುಲಾಮು ಕೊಟ್ಟಿದಾರೆ. ಅದಕ್ಕಿಂತ ನೀನು ಊದಿದ್ರೆ ಸಾಕು ಅನ್ಸುತ್ತೆ. ಹುಡುಗನಿಗೆ ಹೇಳ್ಬೇಡ.” ದುಂಡಗೆ, ದೊಡ್ಡದಾಗಿ ಬರೆದೆ. ಮಾಡಿದ ಪಾಪದಲ್ಲಿ ಎಳ್ಳಷ್ಟಾದರೂ ಕಳೆಯಲಿ ಎಂದು.

ಅತ್ತೆ ನನ್ನ ಹಾಳೆಯನ್ನು ಮಾವನ ತುಂಡಿನ ಪಕ್ಕದಲ್ಲಿಟ್ಟರು. ಕನ್ನಡಕ ಏರಿಸಿಕೊಂಡು ಇದನ್ನೊಮ್ಮೆ ಅದನ್ನೊಮ್ಮೆ ನೋಡಿದರು. ಬೆರಳು ಸಾಲಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹಿಂದೆ ಬರುತ್ತಿತ್ತು.

“ನಿನ್ನದ್ರಲ್ಲಿ ಈ ಗುರುತು ಮತ್ತೆ ಮತ್ತೆ ಬರುತ್ತೆ. ನೋಡು, ಇಲ್ಲಿ, ಇಲ್ಲಿ, ಇಲ್ಲೂ. ಇದೂ ಅಷ್ಟೇ,” ಎಂದರು. “ಅವರದ್ರಲ್ಲಿ ಯಾವ್ದೂ ಎರಡನೇ ಸಲ ಬರೋದೇ ಇಲ್ವಲ್ಲೇ.”

ನಾನು ತಲೆ ತಗ್ಗಿಸಿದೆ.

“ಅವರಿಗೆ ಬರ್ತಿರ್ಲಿಲ್ವಾ?”

“ಇಲ್ಲ ಅನ್ಸುತ್ತೆ ಅತ್ತೆ.”

ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಮುಖ ಬಿಳಿಚಿಕೊಂಡಿತ್ತು.

“ಮಗ ಶಾಲೆಗೆ ಸೇರಿದ ವರ್ಷ, ಅವನ ಜೊತೆ ನಾನೂ ಅಕ್ಷರ ಕಲೀತೀನಿ ಅಂತ ಕೂತಿದ್ದೆ,” ಎಂದರು. “ನಾನಿದ್ದೀನಲ್ಲ ಓದಿ ಹೇಳೋಕೆ, ನಿನಗ್ಯಾಕೆ ಇದೆಲ್ಲ ಅಂದ್ರು. ಎಷ್ಟು ಪ್ರೀತಿಯಿಂದ ಅಂದ್ರು ಗೊತ್ತಾ? ನಾನು ಸ್ಲೇಟು ಕೆಳಗಿಟ್ಟುಬಿಟ್ಟೆ.”