ಜಾಗ ಉಳಿಸಿದವನ ಮುಖ

ಚುಂಚನಕಟ್ಟೆಯ ಬಸವರಾಜುವಿಗೆ ಯಾವುದನ್ನೂ ಬಿಸಾಡಿ ಗೊತ್ತಿರಲಿಲ್ಲ. ಫೋನಿನಲ್ಲೂ ಅಷ್ಟೇ. ಗದ್ದೆ, ಈದ ಹಸು, ಹುಲ್ಲಿನ ಮೆದೆ, ಎಲ್ಲವೂ ಫೋಟೋ ಆಗಬೇಕು, ಒಂದೂ ಅಳಿಯಬಾರದು. ಜಾಗ ತುಂಬಿತೆಂದು ಫೋನು ಗೋಳಾಡಿದಾಗ ಮಹಾಶಯ ಕ್ಯಾಮೆರಾದ ರೆಸಲ್ಯೂಷನ್ನನ್ನೇ ತೀರಾ ಕೆಳಕ್ಕಿಳಿಸಿದ, ಹಳೆಯ ಫೋಟೋಗಳನ್ನೂ ಅಷ್ಟಕ್ಕೇ ಕುಗ್ಗಿಸಿದ. ಒಂದು ಫೋಟೋ ಹಿಡಿಯುವ ಜಾಗದಲ್ಲಿ ಹತ್ತಾರು ಕೂತವು. “ನೋಡ್ದಾ, ಎಲ್ಲಾನೂ ಮಡಿಕಂಡೆ” ಎಂದು ಹೆಂಡತಿ ರುಕ್ಮಿಣಮ್ಮನೆದುರು ಬೀಗಿದ. ಅವಳು ಅವನ ಫೋಟೋ ತೆಗೆದಾಗಲೂ ದೂರದಿಂದಲೇ. ಗದ್ದೆ ಪೂರ್ತಿ ಬರಬೇಕೆಂದು ಅವನ ಅಪ್ಪಣೆ.

ಎದೆನೋವೆಂದು ಮಲಗಿದವನು ಏಳಲಿಲ್ಲ. ತಿಥಿಗೆ ಹಾರ ಹಾಕಲು ದೊಡ್ಡ ಫೋಟೋ ಬೇಕು. ಮದುವೆ ಫೋಟೋ ಗೆದ್ದಲಿನ ಪಾಲಾಗಿತ್ತು. ಆಧಾರ್ ಕಾರ್ಡಿನ ಮಸಿಯನ್ನು ಗಂಡನೆಂದು ಒಪ್ಪಲು ರುಕ್ಮಿಣಮ್ಮನಿಗೆ ಮನಸ್ಸಾಗಲಿಲ್ಲ. ಫೋನು ಹಿಡಿದು ಕೆ.ಆರ್. ನಗರದ ಗಯಾಸುದ್ದೀನರ ಸ್ಟುಡಿಯೋಗೆ ಹೋದಳು.

ಅವರು ಫೋನಿನಲ್ಲಿದ್ದ ಬಸವರಾಜುವಿನ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದರು. ಮುಖ ಚೌಕ ಚೌಕವಾಗಿ ಒಡೆದುಹೋಯಿತು. ಇನ್ನೊಂದನ್ನು ಹಿಗ್ಗಿಸಲು ಹೇಳಿದಳು, ಮತ್ತೊಂದನ್ನು. ಎಲ್ಲದರ ಹಣೆಬರಹವೂ ಅದೇ.

“ಫೋಟೋ ಅಂದ್ರೆ ಬರೀ ಚುಕ್ಕಿ ಕಣಕ್ಕಾ. ಚುಕ್ಕಿ ಕಮ್ಮಿ ಇಟ್ರೆ ಜಾಗಾನೂ ಕಮ್ಮಿ ತಿಂತದೆ. ಗುಂಟೆಗಾಗೋ ಪೈರು ತಂದು ಎಕರೆಗೆ ನಾಟಿ ಮಾಡು ಅಂದ್ರೆ ನಾನೇನ್ ಮಾಡ್ಲಿ?”

“ಅವ್ರ ಮಕ ಅದ್ರೊಳಗೇ ಅದಲ್ಲಣ್ಣಾ. ವಸಿ ಈಚೆಗೆ ತೆಗೀರಿ.”

ಇಲ್ಲದ್ದನ್ನು ತೆಗೆಯುವುದು ಯಾರ ಕೈಲಾಗುತ್ತದೆ? ಆದರೂ ಅವಳ ಕಣ್ಣೀರು ನೋಡಲಾಗದೆ, ಇಲ್ಲದ ಚುಕ್ಕಿಗಳನ್ನು ಕಂಪ್ಯೂಟರೇ ಊಹಿಸಿ ತುಂಬುತ್ತದೆ, ಹೋಲಿಕೆ ತಪ್ಪಿದರೆ ಬಯ್ಯಬೇಡಿ ಎಂದು ಗುಂಡಿ ಒತ್ತಿದರು. ನುಣ್ಣನೆಯ ಗಂಡಸೊಬ್ಬ ಮೂಡಿದ. ಬಸವರಾಜುವಿನ ಎಡಗಣ್ಣಿನ ರೆಪ್ಪೆ ಸದಾ ಅರ್ಧ ಇಳಿದಿರುತ್ತಿತ್ತು. ಇವನ ಕಣ್ಣೆರಡೂ ಅರಳಿದ್ದವು. ಅವಳು ಹೇಳಿದಂತೆ ರೆಪ್ಪೆ ಇಳಿಸಿದರೆ ತೂಕಡಿಸುವವನಂತೆ ಕಂಡ. ಮರಳಿ ಏರಿಸಿದರು. ತಿಥಿ ಮರುದಿನವೇ ಇತ್ತು. ಫ್ರೇಮು ಹಾಕಿಸಿಕೊಂಡು ಬಂದಳು.

ಬಂದವರೆಲ್ಲ ಫೋಟೋ ಹೊಗಳಿದರು. ಮದುವೆ ಗಂಡಿನಂತಿದ್ದಾನೆಂದು ನಾದಿನಿ ಅತ್ತಳು. ಇದು ಅವರಲ್ಲ ಎಂದು ತೋರಿಸಲು ರುಕ್ಮಿಣಮ್ಮ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಫೋನಿನಲ್ಲಿ ಕಡಲೆಕಾಳಿನಷ್ಟಿದ್ದ ಮುಖವನ್ನು ಯಾರಿಗೆಂದು ತೋರಿಸುವುದು?

ದಿನವೂ ದೀಪ ಹಚ್ಚುವಾಗ ಆ ಫ್ರೇಮಿನವನೇ ಎದುರು. ತೆಗೆದಿಟ್ಟರೆ ಜನ ಏನೆಂದಾರು ಎಂಬ ಅಳುಕು. ಒಂದು ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಕೂತು, ಗಂಡನನ್ನು ನೆನೆದು ಕಣ್ಣು ಮುಚ್ಚಿದಳು. ಫ್ರೇಮಿನೊಳಗಿನ ಗಂಡಸು ಬಂದು ನಿಂತ. ಅವಳು ಎಷ್ಟು ಬೇಡಿಕೊಂಡರೂ ಅವನು ಸರಿಯಲಿಲ್ಲ, ಬಸವರಾಜು ಬರಲಿಲ್ಲ.